ಗುಡ್ಡದೂರಲ್ಲಿ ಸೈಕಲ್ ದಾರಿ: ಕಿಲೋಮೀಟರ್ ಎಣಿಸುವ ಮುಂಚೆ ಕೇಳಬೇಕಾದ ನಾಲ್ಕು ಪ್ರಶ್ನೆ

ಚಿಕ್ಕಮಗಳೂರು: ಪೇಟೆಯಿಂದ ಮುಳ್ಳಯ್ಯನಗಿರಿಗೆ ಸುಮಾರು 20 ಕಿ.ಮೀ. ಬೇಲೂರಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಕಾರಲ್ಲಿ ಹೋಗುವವರಿಗೆ ಎರಡಕ್ಕೂ ದೊಡ್ಡ ವ್ಯತ್ಯಾಸ ಇಲ್ಲ. ಸೈಕಲ್ ತುಳಿಯುವವರ ಲೆಕ್ಕ ಬೇರೆ. ಬೇಲೂರಿಗೆ ಹೊರಟವರು ಒಂದೂವರೆ ಗಂಟೆಯಲ್ಲಿ ಹೋಗಿ ಟೀ ಕುಡಿಯಬಹುದು. ಗಿರಿಗೆ ಹೊರಟವರು ಅಷ್ಟೊತ್ತಿಗೆ ಅರ್ಧ ದಾರಿಯಲ್ಲಿ ಸೈಕಲ್ ತಳ್ಳುತ್ತಾ ಇರುತ್ತಾರೆ.

ಮಲೆನಾಡಿನ ಸಣ್ಣ ರಸ್ತೆ, ತೋಟದ ದಾರಿ, ಜಲ್ಲಿ ಹಾಕಿದ ಮಣ್ಣುರಸ್ತೆಗಳಲ್ಲಿ ಸೈಕಲ್ ಹೊಡೆಯುವವರು ಈಗ ವಾರದ ಕೊನೆಯಲ್ಲಿ ಕಾಣಸಿಗುತ್ತಾರೆ. ಹೊರಗಿನಿಂದ ಬರುವವರೂ ಇದ್ದಾರೆ, ನಮ್ಮೂರ ಹುಡುಗರೂ ಇದ್ದಾರೆ. ಮೊಬೈಲ್‌ನಲ್ಲಿ ಎರಡು ಊರು ಒತ್ತಿದರೆ ನೀಲಿ ಗೆರೆ ಬರುತ್ತದೆ, ಅದೇ ದಾರಿ ಅಂದುಕೊಂಡು ಹೊರಡುವವರು ಬಹಳ. ಆ ಗೆರೆ ಸಂಜೆ ಆರಕ್ಕೆ ಬೀಗ ಹಾಕಿದ ತೋಟದ ಗೇಟಿನ ಮುಂದೆ ನಿಲ್ಲಿಸಬಹುದು. ಸಂಕ ಕೊಚ್ಚಿಹೋದ ಹಳ್ಳಕ್ಕೆ ಇಳಿಸಬಹುದು. ಆನೆ ಓಡಾಡುವ ಕಾಡಂಚಿಗೂ ಒಯ್ಯಬಹುದು.

ಗುಡ್ಡದ ದಾರಿ ಗೊತ್ತು ಮಾಡುವ ಮುಂಚೆ ನಾಲ್ಕು ವಿಷಯ ಕೇಳಿಕೊಳ್ಳಬೇಕು: ಏರು ಎಷ್ಟು, ನೆಲ ಎಂಥದ್ದು, ದಾರಿ ಯಾರದ್ದು, ಹೊತ್ತು ಎಷ್ಟಿದೆ. ದೂರದ ಲೆಕ್ಕ ಆಮೇಲೆ.

1. ಏರು ಎಷ್ಟು?

ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ನಡುವಿನ ವ್ಯತ್ಯಾಸ 840 ಮೀಟರ್. ಗಾಡಿ ರಸ್ತೆ ಶಿಖರಕ್ಕಿಂತ ಕೆಳಗೆ, ಮೆಟ್ಟಿಲಿನ ಬುಡದಲ್ಲೇ ಮುಗಿಯುವುದರಿಂದ ಸೈಕಲ್ ಏರಬೇಕಾದ್ದು ಇದಕ್ಕಿಂತ ಸ್ವಲ್ಪ ಕಡಿಮೆ. 750 ಮೀಟರ್ ಅಂತ ಹಿಡಿದರೆ ಲೆಕ್ಕಕ್ಕೆ ಸಾಕು.

ಇಳಿಜಾರಿನ ಲೆಕ್ಕ ಸುಲಭ. ಏರಿದ ಎತ್ತರವನ್ನು ಸಾಗಿದ ದೂರದಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇಕಡಾ ಲೆಕ್ಕ ಸಿಗುತ್ತದೆ. ಒಂದು ಕಿ.ಮೀ. ದೂರದಲ್ಲಿ 50 ಮೀಟರ್ ಏರಿದರೆ ಶೇ 5. ಅಭ್ಯಾಸ ಇಲ್ಲದವರಿಗೆ ಶೇ 3ರ ತನಕ ಏರು ಅಂತಲೇ ಅನಿಸಲ್ಲ, ಸ್ವಲ್ಪ ಭಾರ ಅನಿಸಬಹುದು. ಶೇ 5ರಿಂದ 7 ಅಂದರೆ ಗೇರ್ ಸೈಕಲ್ಲಿಗೆ ಕೆಲಸ. ಶೇ 10 ದಾಟಿದರೆ ಹೆಚ್ಚಿನವರು ಇಳಿದು ತಳ್ಳುತ್ತಾರೆ.

ಇಲ್ಲಿ ಸರಾಸರಿ ಅನ್ನೋದು ಮೋಸ ಮಾಡುತ್ತದೆ. ಗಿರಿ ರಸ್ತೆಯ 20 ಕಿ.ಮೀ.ಗೆ 750 ಮೀಟರ್ ಅಂದರೆ ಶೇ 4ಕ್ಕೂ ಕಡಿಮೆ. ಕೇಳಿದರೆ ಹಗುರ. ಆದರೆ ಕೈಮರ ಚೆಕ್‌ಪೋಸ್ಟ್ ತನಕ ರಸ್ತೆ ಬಹುತೇಕ ಸಮ. ಏರೆಲ್ಲ ಆಮೇಲಿನ ಭಾಗದಲ್ಲಿ ಕೂಡಿದೆ. ಉಳಿದ ದೂರಕ್ಕೇ ಲೆಕ್ಕ ಹಾಕಿದರೆ ಸರಾಸರಿ ಶೇ 6-7ಕ್ಕೆ ಏರುತ್ತದೆ, ಕೆಲವು ತಿರುವುಗಳು ಅದಕ್ಕಿಂತಲೂ ಕಡಿದು. ಹಾಗಾಗಿ ಇಡೀ ದಾರಿಗೆ ಒಂದೇ ಅಂಕಿ ನೋಡಬಾರದು. ದಾರಿಯನ್ನು 2-3 ಕಿ.ಮೀ. ತುಂಡುಗಳಾಗಿ ಮಾಡಿಕೊಂಡು ಪ್ರತಿ ತುಂಡಿನ ಏರನ್ನು ಬೇರೆ ಬೇರೆ ನೋಡಬೇಕು.

ಸಮಯದ ಲೆಕ್ಕವೂ ಎತ್ತರದ ಮೇಲೇ ನಿಂತಿದೆ. ಸವಾರನ ತೂಕ 70 ಕೆ.ಜಿ., ಸೈಕಲ್, ನೀರು, ಸಾಮಾನು ಸೇರಿ 15 ಕೆ.ಜಿ. ಅಂತ ಇಟ್ಟುಕೊಳ್ಳಿ. 85 ಕೆ.ಜಿ.ಯನ್ನು 100 ಮೀಟರ್ ಮೇಲೆತ್ತಲು ಬೇಕಾಗುವ ಶಕ್ತಿ ಸುಮಾರು 83 ಕಿಲೋಜೌಲ್. ಸಾಮಾನ್ಯ ಆರೋಗ್ಯದ ವ್ಯಕ್ತಿ ತಾಸುಗಟ್ಟಲೆ ತುಳಿದರೆ 100 ವ್ಯಾಟ್ ಆಸುಪಾಸು ಕೊಡಬಲ್ಲ. ಅಂದರೆ ಮೇಲೆತ್ತುವುದಕ್ಕೇ 14 ನಿಮಿಷ ಬೇಕು. ಚಕ್ರ ಉರುಳಿಸುವ ಶ್ರಮ, ಗಾಳಿ, ನಡುವೆ ನಿಂತು ಉಸಿರು ತಗೊಳ್ಳೋದು ಎಲ್ಲ ಸೇರಿದರೆ ತಾಸಿಗೆ 300 ಮೀಟರ್ ಏರು ಅಂತ ಇಟ್ಟುಕೊಳ್ಳುವುದು ಸುರಕ್ಷಿತ. ಆ ಲೆಕ್ಕದಲ್ಲಿ ಗಿರಿಯ 750 ಮೀಟರಿಗೆ ಎರಡೂವರೆ ತಾಸು, ಕೈಮರದವರೆಗಿನ ಸಮ ರಸ್ತೆಗೆ ಇನ್ನು ಅರ್ಧ ಮುಕ್ಕಾಲು ತಾಸು. ಚೆನ್ನಾಗಿ ಅಭ್ಯಾಸ ಇರುವವರು ಇದಕ್ಕಿಂತ ಬೇಗ ಹೋಗುತ್ತಾರೆ. ಗುಂಪಿನಲ್ಲಿ ಹೋಗುವಾಗ ಮಾತ್ರ ಎಲ್ಲರಿಗಿಂತ ನಿಧಾನದವರ ಲೆಕ್ಕವೇ ಗುಂಪಿನ ಲೆಕ್ಕ.

ಇನ್ನೊಂದು ಮಾತು. ಎಲ್ಲಿಂದ ಹೊರಟು ಎಲ್ಲಿಗೆ ತಲುಪಿದ್ದೇವೆ ಅನ್ನೋದಷ್ಟೇ ಏರಲ್ಲ. ತೋಟದ ದಾರಿ ಹಳ್ಳಕ್ಕೆ ಇಳಿದು, ಮತ್ತೆ ದಿಬ್ಬ ಹತ್ತಿ, ಮತ್ತೆ ಇಳಿಯುತ್ತದೆ. ಪ್ರತಿ ಸಲ ಹತ್ತಿದ್ದನ್ನೂ ಕೂಡಿಸಬೇಕು. ಮಲೆನಾಡಿನಲ್ಲಿ ಎರಡು ಊರು ಒಂದೇ ಎತ್ತರದಲ್ಲಿದ್ದರೂ ನಡುವಿನ 15 ಕಿ.ಮೀ.ನಲ್ಲಿ ಒಟ್ಟು 300-400 ಮೀಟರ್ ಏರು ಬರುವುದು ಹೊಸದೇನಲ್ಲ.

2. ನೆಲ ಎಂಥದ್ದು?

ನಕ್ಷೆಯಲ್ಲಿ ಡಾಂಬರು ರಸ್ತೆಯೂ ಗೆರೆ, ಜೀಪು ಓಡಿದ ಗುರುತೂ ಗೆರೆ. ಸೈಕಲ್ಲಿಗೆ ಇವೆರಡೂ ಬೇರೆ ಬೇರೆ ಲೋಕ.

ಜಲ್ಲಿ ಸಡಿಲವಾಗಿರುವ ರಸ್ತೆಯಲ್ಲಿ ಚಕ್ರ ಉರುಳಿಸುವ ಶ್ರಮ ಎಷ್ಟು ಹೆಚ್ಚುತ್ತದೆ ಅಂದರೆ, ಇಳಿಜಾರು ಇರುವುದಕ್ಕಿಂತ ಶೇ 1ರಷ್ಟು ಜಾಸ್ತಿ ಇದ್ದಂತೆ. ಮೆತ್ತಗಿನ ಮಣ್ಣಾದರೆ ಇನ್ನೂ ಹೆಚ್ಚು. ಶೇ 6ರ ಡಾಂಬರು ಏರು ಹತ್ತಬಲ್ಲವರು ಅದೇ ಏರಿನ ಮಣ್ಣುರಸ್ತೆಯಲ್ಲಿ ಶೇ 8ರ ಏರು ಹತ್ತಿದಷ್ಟು ದಣಿಯಬಹುದು. ಹಿಂದಿನ ಚಕ್ರ ಜಾರಿದರೆ ಶಕ್ತಿ ಇದ್ದೂ ಉಪಯೋಗ ಇಲ್ಲ.

ಸುತ್ತಮುತ್ತ ಸಿಗುವ ನೆಲವನ್ನು ಹೀಗೆ ವಿಂಗಡಿಸಿಕೊಳ್ಳಬಹುದು:

ಡಾಂಬರು ರಸ್ತೆ: ಎಲ್ಲ ಸೈಕಲ್ಲಿಗೂ ಆಗುತ್ತದೆ. ಅಂಚು ಕಿತ್ತುಹೋದ ಕಡೆ ಎದುರಿನ ವಾಹನಕ್ಕೆ ದಾರಿ ಬಿಡುವಾಗ ಎಚ್ಚರ.

ಊರೊಳಗಿನ ಕಾಂಕ್ರೀಟ್ ರಸ್ತೆ: ಬೇಸಿಗೆಯಲ್ಲಿ ಚೆನ್ನ. ಮಳೆಗಾಲದಲ್ಲಿ ಮರದ ನೆರಳು ಬೀಳುವ ಕಡೆ ಪಾಚಿ ಕಟ್ಟಿ ಎಣ್ಣೆ ಹಚ್ಚಿದ ಹಾಗೆ ಜಾರುತ್ತದೆ. ಕಡಿದಾದ ಇಳಿಜಾರಿನಲ್ಲಿ ಇಳಿದು ನಡೆಯುವುದೇ ಸರಿ.

ಗಟ್ಟಿ ಮಣ್ಣಿನ ತೋಟದ ರಸ್ತೆ: ನವೆಂಬರ್‌ನಿಂದ ಮೇ ತನಕ ಸವಾರಿಗೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಕನಿಷ್ಠ 35 ಮಿ.ಮೀ. ಅಗಲದ ಟೈರ್ ಬೇಕು.

ಜಲ್ಲಿ ಸುರಿದು ರೋಲರ್ ಹೊಡೆಯದ ರಸ್ತೆ: ಕಾಮಗಾರಿ ನಿಂತ ರಸ್ತೆಗಳಲ್ಲಿ ಇದು ಸಾಮಾನ್ಯ. 45 ಮಿ.ಮೀ.ಗಿಂತ ಅಗಲದ ಟೈರ್ ಇದ್ದವರಿಗೆ ಮಾತ್ರ. ಇಳಿಯುವಾಗ ಮುಂದಿನ ಬ್ರೇಕ್ ಗಟ್ಟಿ ಹಿಡಿದರೆ ಬೀಳುವುದು ಖಾತ್ರಿ.

ಜೀಪ್ ದಾರಿ: ಎರಡು ಚಕ್ರದ ಗುಂಡಿ, ನಡುವೆ ಹುಲ್ಲು, ಅಲ್ಲಲ್ಲಿ ಬಂಡೆ. ಮೌಂಟನ್ ಬೈಕ್ ಇಲ್ಲದಿದ್ದರೆ ಅರ್ಧ ದಾರಿ ನಡಿಗೆಯೇ.

ಮೊದಲ ಸಲ ಹೋಗುವವರು ಒಟ್ಟು ದಾರಿಯಲ್ಲಿ ಮಣ್ಣು-ಜಲ್ಲಿ ಮೂರನೇ ಒಂದು ಭಾಗ ಮೀರದ ಹಾಗೆ ನೋಡಿಕೊಳ್ಳಬೇಕು. ಆ ಭಾಗ ದಿನದ ಮೊದಲಲ್ಲಿ ಬರಬೇಕು, ಕಾಲು ಸೋತ ಮೇಲೆ ಅಲ್ಲ.

ಉಪಗ್ರಹ ಚಿತ್ರದಲ್ಲಿ ಬಯಲುಸೀಮೆ ರಸ್ತೆ ಚೆನ್ನಾಗಿ ಕಾಣುತ್ತದೆ. ಕಾಫಿ ತೋಟದೊಳಗೆ ಸಿಲ್ವರ್ ಓಕ್ ಮತ್ತು ನೆರಳಿನ ಮರಗಳ ಕೆಳಗೆ ಏನಿದೆ ಅಂತ ಕಾಣಲ್ಲ. ಅಲ್ಲಿ ಕೇಳಿ ತಿಳಿಯುವುದೇ ದಾರಿ. ಹಾಲಿನ ವ್ಯಾನ್ ಓಡಿಸುವವರು, ಪೋಸ್ಟ್‌ಮ್ಯಾನ್, ಶಾಲೆ ಮಕ್ಕಳನ್ನು ಕರೆತರುವ ಜೀಪಿನವರು, ಇವರಿಗೆ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಿಲ್ಲ. "ರಸ್ತೆ ಇದೆಯಾ?" ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. "ಈ ವಾರ ಆಟೋ ಹೋಗುತ್ತಾ?" ಅಂತ ಕೇಳಬೇಕು. ಆಟೋ ಹೋಗುತ್ತೆ ಅಂದರೆ ಸೈಕಲ್ ಹೋಗುತ್ತೆ. "ಜೀಪ್ ಮಾತ್ರ" ಅಂದರೆ ಎರಡು ಸಲ ಯೋಚಿಸಬೇಕು.

3. ದಾರಿ ಯಾರದ್ದು?

ನಾಲ್ಕರಲ್ಲಿ ಹೆಚ್ಚು ಜನ ಮರೆಯುವ ಪ್ರಶ್ನೆ ಇದು. ಮಲೆನಾಡಿನಲ್ಲಿ ಕಾಣುವ ದಾರಿಗಳಲ್ಲಿ ಮೂರು ಥರ. ಒಂದು, ಲೋಕೋಪಯೋಗಿ, ಜಿಲ್ಲಾ ಪಂಚಾಯ್ತಿ, ಗ್ರಾಮ ಪಂಚಾಯ್ತಿಗೆ ಸೇರಿದ ಸಾರ್ವಜನಿಕ ರಸ್ತೆ. ಎರಡು, ಅರಣ್ಯದೊಳಗಿನ ದಾರಿ. ಮೂರು, ಖಾಸಗಿ ತೋಟದ ದಾರಿ.

ಯಾವುದು ಯಾವುದು ಅಂತ ಗೊತ್ತು ಮಾಡಿಕೊಳ್ಳಲು ಎರಡು ಸಾಧನ ಎಲ್ಲರಿಗೂ ಸಿಗುತ್ತವೆ. ಭೂಮಾಪನ ಇಲಾಖೆಯ ಗ್ರಾಮ ನಕ್ಷೆಯಲ್ಲಿ ಬಂಡಿದಾರಿ, ಕಾಲುದಾರಿ, ಹಳ್ಳ, ಸರ್ವೆ ನಂಬರ್ ಗಡಿ ಗುರುತಿಸಿರುತ್ತಾರೆ. ಇಲಾಖೆಯ ವೆಬ್‌ಸೈಟ್‌ನಲ್ಲಿ ಊರಿನ ಹೆಸರು ಹಾಕಿ ಈ ನಕ್ಷೆ ಇಳಿಸಿಕೊಳ್ಳಬಹುದು. ಇನ್ನೊಂದು ದಿಶಾಂಕ್ ಆ್ಯಪ್. ನಿಂತ ಜಾಗದ ಸರ್ವೆ ನಂಬರ್ ಯಾವುದು ಅಂತ ಅದು ತೋರಿಸುತ್ತದೆ. ಜಮೀನು ನೋಡಲು ಇದನ್ನು ಬಳಸುವವರು ತಾಲ್ಲೂಕಿನಲ್ಲಿ ಬಹಳ ಇದ್ದಾರೆ, ಸೈಕಲ್ ದಾರಿ ನೋಡಲೂ ಅಷ್ಟೇ ಉಪಯೋಗ. ರಸ್ತೆ, ಕಾಲುದಾರಿ, ಹಳ್ಳ ಹೀಗೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ ಪಹಣಿಯಲ್ಲಿ 'ಬಿ ಖರಾಬು' ಅಂತ ಬರುತ್ತದೆ ಅನ್ನೋದು ರೈತರಿಗೆ ಗೊತ್ತಿರುವ ವಿಷಯವೇ.

ಕಾಗದದಲ್ಲಿ ಖಾಸಗಿ ಆಗಿದ್ದರೂ ರೂಢಿಯಲ್ಲಿ ಊರವರು ಓಡಾಡುವ ತೋಟದ ದಾರಿಗಳು ಎಷ್ಟೋ ಇವೆ. ಲೈನ್ ಮನೆಯವರು ಅಂಗಡಿಗೆ ಬರುವುದು, ಮಕ್ಕಳು ಶಾಲೆಗೆ ಹೋಗುವುದು, ಪಕ್ಕದ ಸಣ್ಣ ಬೆಳೆಗಾರರು ಗೊಬ್ಬರ ಸಾಗಿಸುವುದು ಎಲ್ಲ ಅದರಲ್ಲೇ. ಈ ದಾರಿ ನಡೆಯುತ್ತಿರುವುದು ಪರಿಚಯ, ನಂಬಿಕೆಯ ಮೇಲೆ. ಕಾಫಿ ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಬೆಳೆ ಒಣಗುತ್ತಿರುತ್ತದೆ. ಅರೇಬಿಕಾ ನವೆಂಬರ್‌ನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್ ತನಕ. ಕಳ್ಳತನದ ಭಯ ಇರುವ ಹೊತ್ತಿನಲ್ಲಿ ಗುರುತಿಲ್ಲದ ಹತ್ತು ಜನ ತೋಟದೊಳಗೆ ಬಂದರೆ ಮಾಲೀಕರು ಗೇಟಿಗೆ ಬೀಗ ಹಾಕುತ್ತಾರೆ. ಆ ಬೀಗ ಸೈಕಲ್ ಸವಾರರಿಗೆ ಮಾತ್ರ ಹಾಕಿದ್ದಲ್ಲ. ಸವಾರರು ಬೇರೆ ದಾರಿ ಹಿಡಿದು ಊರಿಗೆ ಹೋಗುತ್ತಾರೆ, ಶಾಲೆ ಮಕ್ಕಳು ಮಾತ್ರ ದಿನಾ ಎರಡು ಕಿ.ಮೀ. ಸುತ್ತಬೇಕಾಗುತ್ತದೆ.

ಅದಕ್ಕೆ ಮೂರು ನಿಯಮ. ತೋಟದ ದಾರಿ ಹಿಡಿಯುವ ಮುಂಚೆ ಮಾಲೀಕರನ್ನೋ ರೈಟರನ್ನೋ ಕೇಳಬೇಕು. ಹೋಗುವಾಗ ಗೇಟ್ ಹೇಗಿತ್ತೋ ಹಾಗೇ ಬಿಟ್ಟು ಹೋಗಬೇಕು, ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ. ಮತ್ತೆ, ಒಬ್ಬರು ಪರಿಚಯದ ಮೇಲೆ ಬಿಟ್ಟ ದಾರಿಯನ್ನು ಸ್ಟ್ರಾವಾದಂಥ ಆ್ಯಪ್‌ಗಳಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಕಬಾರದು. ಇವತ್ತು ಒಬ್ಬರು ಹಾಕಿದ ಗೆರೆ ಹಿಡಿದು ಮುಂದಿನ ವಾರ ಗುಂಪೇ ಬರುತ್ತದೆ, ಕೇಳುವ ಗೋಜಿಗೆ ಅವರು ಹೋಗಲ್ಲ.

ಅರಣ್ಯದ ವಿಷಯದಲ್ಲಿ ರಿಯಾಯ್ತಿ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಹೋಗುವಂತಿಲ್ಲ. ಭದ್ರಾ ಹುಲಿ ಸಂರಕ್ಷಿತ ಪ್ರದೇಶ ಈ ಜಿಲ್ಲೆಯಲ್ಲೇ ಇದೆ, ಮುತ್ತೋಡಿ ಅದರ ಭಾಗ. ಬಾಬಾಬುಡನ್‌ಗಿರಿಯಿಂದ ಕೆಮ್ಮಣ್ಣುಗುಂಡಿಗೆ ಬೆಟ್ಟದ ಮೇಲಿಂದಲೇ ಹೋಗುವ ಕಚ್ಚಾ ದಾರಿ ನಕ್ಷೆಯಲ್ಲಿ ಬಹಳ ಹತ್ತಿರ ಕಾಣುತ್ತದೆ. ನೆಲ ಕೆಟ್ಟದ್ದು, ನಡುವೆ ಅಂಗಡಿ ಇಲ್ಲ, ಸಿಗ್ನಲ್ ಇಲ್ಲ, ಅರಣ್ಯ ಇಲಾಖೆಯನ್ನು ಕೇಳದೆ ಆ ದಾರಿ ಯೋಜನೆಗೆ ಸೇರಿಸಲೇಬಾರದು. ಗಿರಿ ಭಾಗಕ್ಕೆ ವಾಹನ ಬಿಡುವ ನಿಯಮವನ್ನೂ ಜಿಲ್ಲಾಡಳಿತ ಆಗಾಗ ಬದಲಿಸುತ್ತದೆ. ಹೊರಡುವ ಹಿಂದಿನ ದಿನ ವಿಚಾರಿಸಿಕೊಳ್ಳುವುದು ಒಳ್ಳೆಯದು.

4. ಹೊತ್ತು ಎಷ್ಟಿದೆ?

ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಸಂಜೆ 6ರ ಸುಮಾರಿಗೆ. ತೋಟದೊಳಗೆ ಅದಕ್ಕೆ ಮುಂಚೆಯೇ ಕತ್ತಲು ಕವಿಯುತ್ತದೆ. ಮೂಡಿಗೆರೆ, ಆಲ್ದೂರು ಕಡೆಯ ತೋಟಗಳಲ್ಲಿ, ಪಕ್ಕದ ಬೇಲೂರು, ಸಕಲೇಶಪುರ ತಾಲ್ಲೂಕುಗಳಲ್ಲಿ ಕಾಡಾನೆ ಹಾವಳಿ ಎಲ್ಲರಿಗೂ ಗೊತ್ತು. ಆನೆ ಹೆಚ್ಚು ಓಡಾಡುವುದು ಮುಸ್ಸಂಜೆಯಿಂದ ಬೆಳಗಿನ ಜಾವದ ತನಕ. ಸೈಕಲ್ ಸದ್ದು ಮಾಡಲ್ಲ. ತಿರುವಿನಲ್ಲಿ ಆನೆಗೂ ಗೊತ್ತಾಗಲ್ಲ, ಸವಾರನಿಗೂ ಗೊತ್ತಾಗಲ್ಲ. ಬೈಕಿನವರಾದರೆ ಗೇರ್ ಹಾಕಿ ತಪ್ಪಿಸಿಕೊಂಡಾರು, ಏರಿನಲ್ಲಿ ತಾಸಿಗೆ ಆರು ಕಿ.ಮೀ. ವೇಗದಲ್ಲಿ ಹೋಗುವ ಸೈಕಲ್ಲಿಗೆ ಆ ಅವಕಾಶ ಇಲ್ಲ.

ಹಾಗಾಗಿ ಯೋಜನೆಯನ್ನು ಹಿಂದಿನಿಂದ ಮುಂದಕ್ಕೆ ಮಾಡಬೇಕು. ಸಂಜೆ 5ಕ್ಕೆ ಡಾಂಬರು ರಸ್ತೆಯಲ್ಲಿ, ಮನೆಗಳಿರುವ ಕಡೆ ಇರಬೇಕು ಅಂತ ಮೊದಲು ಬರೆದುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ 'ತಿರುಗುವ ಹೊತ್ತು' ಗೊತ್ತು ಮಾಡಿ. ಮಧ್ಯಾಹ್ನ 1 ಗಂಟೆ ಅಂತ ಬಂದರೆ, ಗುರಿ ಇನ್ನು ಎರಡೇ ಕಿ.ಮೀ. ಇದ್ದರೂ 1ಕ್ಕೆ ತಿರುಗಬೇಕು. ಗುಂಪಿನಲ್ಲಿ ಈ ಹೊತ್ತನ್ನು ಹೊರಡುವ ಮುಂಚೆಯೇ ಎಲ್ಲರೂ ಒಪ್ಪಿಕೊಂಡಿರಬೇಕು, ಮೇಲೆ ಹೋದಮೇಲೆ ಯಾರೂ ಒಪ್ಪಲ್ಲ.

ಆನೆ ಎಲ್ಲಿದೆ ಅನ್ನುವ ಸುದ್ದಿ ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಅರಣ್ಯ ಇಲಾಖೆ ಸಿಬ್ಬಂದಿ ಬಳಿ ಸಿಗುತ್ತದೆ. ಟೀ ಅಂಗಡಿಯಲ್ಲಿ ಕೇಳಿದರೂ ಸಾಕು. "ನಿನ್ನೆ ರಾತ್ರಿ ಈ ಕಡೆ ಇತ್ತು" ಅಂದರೆ ಆ ದಾರಿ ಅವತ್ತಿಗೆ ಇಲ್ಲ ಅಂತಲೇ ಲೆಕ್ಕ.

ನಕ್ಷೆ ಓದುವುದು ಹೇಗೆ?

ಭಾರತೀಯ ಸರ್ವೇಕ್ಷಣ ಇಲಾಖೆಯ 1:50,000 ಅಳತೆಯ ನಕ್ಷೆಯಲ್ಲಿ 2 ಸೆಂ.ಮೀ. ಅಂದರೆ ನೆಲದ ಮೇಲೆ 1 ಕಿ.ಮೀ. ಅದರಲ್ಲಿ ಕಾಣುವ ಕಂದು ಗೆರೆಗಳು ಸಮಾನ ಎತ್ತರದ ಗೆರೆಗಳು. ಒಂದು ಗೆರೆಯಿಂದ ಮುಂದಿನದಕ್ಕೆ 20 ಮೀಟರ್ ವ್ಯತ್ಯಾಸ. ರಸ್ತೆ 2 ಸೆಂ.ಮೀ. ದೂರದಲ್ಲಿ ಇಂಥ ನಾಲ್ಕು ಗೆರೆ ದಾಟಿದರೆ 80 ಮೀಟರ್ ಏರು, ಅಂದರೆ ಶೇ 8. ಗೆರೆಗಳು ಒತ್ತೊತ್ತಾಗಿದ್ದು ರಸ್ತೆ ಅವನ್ನು ಅಡ್ಡ ಸೀಳಿಕೊಂಡು ಹೋದರೆ ಅದು ತಳ್ಳುವ ದಾರಿ. ಗೆರೆಗಳ ಜೊತೆಜೊತೆಗೇ ಸಾಗಿದರೆ ಸುತ್ತಾದರೂ ತುಳಿಯುವ ದಾರಿ.

ಮೊಬೈಲ್ ಬಳಸುವವರಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಆ್ಯಪ್‌ಗಳು ಅನುಕೂಲ. ಡಾಂಬರೋ ಮಣ್ಣೋ ಅಂತ ಕೆಲವು ರಸ್ತೆಗೆ ಗುರುತು ಇರುತ್ತದೆ, ಏರಿಳಿತದ ಚಿತ್ರವೂ ಬರುತ್ತದೆ. ಆದರೆ ಎರಡು ಆ್ಯಪ್ ಒಂದೇ ದಾರಿಗೆ ಬೇರೆ ಬೇರೆ ಏರು ಹೇಳಿದರೆ ಗಾಬರಿ ಬೇಡ. ಹಲವು ಆ್ಯಪ್‌ಗಳ ಎತ್ತರದ ಮಾಹಿತಿ 2000ನೇ ಇಸವಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಮೂಲಕ ಅಳೆದದ್ದು. ದಟ್ಟ ಮರ ಇರುವ ಕಡೆ ಅದು ನೆಲದ ಬದಲು ಮರದ ತಲೆಯನ್ನೇ ಅಳೆದಿರುತ್ತದೆ, ಕಡಿದಾದ ಬೆಟ್ಟದ ಬದಿಯಲ್ಲಿ ರಸ್ತೆಯ ಎತ್ತರ ತಪ್ಪಿ ಬೀಳುತ್ತದೆ. ಎರಡರಲ್ಲಿ ಜಾಸ್ತಿ ಹೇಳಿದ್ದನ್ನೇ ನಂಬಿ ಹೊರಟರೆ ನಷ್ಟ ಇಲ್ಲ.

ನಕ್ಷೆಯನ್ನು ಮನೆಯಲ್ಲಿದ್ದಾಗಲೇ ಮೊಬೈಲಿಗೆ ಇಳಿಸಿಕೊಳ್ಳಬೇಕು. ಕಣಿವೆಗೆ ಇಳಿದ ಮೇಲೆ ಟವರ್ ಸಿಗಲ್ಲ.

ಮೊದಲು ಯಾವ ದಾರಿ?

ಚಂದ್ರದ್ರೋಣ ಬೆಟ್ಟಸಾಲು ಮಳೆಯನ್ನು ತಡೆಯುವುದರಿಂದ ಒಂದೇ ತಾಲ್ಲೂಕಿನಲ್ಲಿ ಎರಡು ನಾಡು. ಪಶ್ಚಿಮಕ್ಕೆ ಮಲೆನಾಡು, ಪೂರ್ವಕ್ಕೆ ಕಡೂರಿನ ಕಡೆ ಬಯಲು. ಕಲಿಯುವವರು ಬಯಲಿನಿಂದ ಶುರು ಮಾಡಿ ಬೆಟ್ಟಕ್ಕೆ ಬರುವುದು ಒಳ್ಳೆಯದು.

ಹಿರೇಕೊಳಲೆ ಕೆರೆ: ಪೇಟೆಯಿಂದ ಸುಮಾರು 10 ಕಿ.ಮೀ. ಡಾಂಬರು, ಸಣ್ಣಪುಟ್ಟ ಏರು. ಮೊದಲ ದಿನಕ್ಕೆ ಸರಿ. ಪೇಟೆಗೆ ಕುಡಿಯುವ ನೀರು ಕೊಡುವ ಕೆರೆ, ಕಸ ಬಿಸಾಡಬಾರದು.

ಬೆಳವಾಡಿ: ಜಾವಗಲ್ ರಸ್ತೆಯಲ್ಲಿ, 30 ಕಿ.ಮೀ.ಗೆ ಹತ್ತಿರ. ಹೊಯ್ಸಳರ ವೀರನಾರಾಯಣ ದೇವಸ್ಥಾನ ಇರುವ ಊರು. ಏರು ಕಡಿಮೆ, ದೂರ ಜಾಸ್ತಿ. ನೆರಳು ಕಡಿಮೆ ಇರುವುದರಿಂದ ಬೇಸಿಗೆಯಲ್ಲಿ ಬೆಳಿಗ್ಗೆ 10ರೊಳಗೆ ಮುಗಿಸಬೇಕು.

ಅಯ್ಯನಕೆರೆ: ಸಖರಾಯಪಟ್ಟಣದ ಹತ್ತಿರ, ಬೆಟ್ಟದ ಬುಡದಲ್ಲಿ. ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆಗಳಲ್ಲಿ ಹೋದರೆ ಮಣ್ಣುರಸ್ತೆಯ ಅಭ್ಯಾಸವೂ ಆಗುತ್ತದೆ.

ಮುಳ್ಳಯ್ಯನಗಿರಿ: ಡಾಂಬರಾದರೂ ಕಿರಿದು. ಶನಿವಾರ, ಭಾನುವಾರ ಪ್ರವಾಸಿಗರ ಕಾರು ಸಾಲುಗಟ್ಟಿರುತ್ತವೆ. ವಾರದ ನಡುವೆ, ಬೆಳಿಗ್ಗೆ ಬೇಗ ಹೊರಡುವುದು ಸರಿ.

ಅತ್ತಿಗುಂಡಿ, ಬಾಬಾಬುಡನ್‌ಗಿರಿ: ಕೈಮರದಿಂದ ಘಾಟಿ ಹತ್ತಿ ಮುಂದುವರಿಯುವ ದಾರಿ. ಕವಿಕಲ್ ಗಂಡಿ ಬಳಿ ಗಾಳಿ ಜೋರು, ಮಂಜು ಕವಿದರೆ ಹತ್ತು ಮಾರು ದೂರ ಕಾಣಲ್ಲ. ಹಿಂದೆ ಕೆಂಪು ದೀಪ ಇಲ್ಲದೆ ಹೋಗಬಾರದು. ಜಾತ್ರೆ, ಉರುಸ್, ದತ್ತ ಜಯಂತಿ ದಿನಗಳಲ್ಲಿ ಸಂಚಾರ ನಿಯಮ ಬೇರೆ ಇರುತ್ತದೆ.

ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿ: ಕಲ್ಲತ್ತಿಗಿರಿ ದಾರಿಯಲ್ಲೇ ಸಿಗುತ್ತದೆ. ಕೆಮ್ಮಣ್ಣುಗುಂಡಿ 1,434 ಮೀಟರ್ ಎತ್ತರದಲ್ಲಿದೆ, ಬಯಲಿನಿಂದ ಸೀದಾ ಏರು. ಗಿರಿ ಒಮ್ಮೆ ಹತ್ತಿದವರು ನೋಡಬಹುದು.

ಇಳಿಯುವುದೂ ಯೋಜನೆಯ ಭಾಗ. ಚಾರ್ಮಾಡಿ ಥರದ ಘಾಟಿಯಲ್ಲಿ ಇಳಿದವರು ಮತ್ತೆ ಹತ್ತಿ ಬರಬೇಕು, ಇಲ್ಲಾ ಸೈಕಲ್ ಹಾಕಿಕೊಂಡು ಬರುವ ಗಾಡಿ ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಉದ್ದದ ಇಳಿಜಾರಿನಲ್ಲಿ ಬ್ರೇಕನ್ನು ಒಂದೇ ಸಮ ಹಿಡಿದುಕೊಂಡೇ ಇದ್ದರೆ ರಿಮ್ ಕಾದು ಟ್ಯೂಬ್ ಒಡೆಯುವುದುಂಟು. ಹಿಡಿದು ಬಿಟ್ಟು, ನಡುನಡುವೆ ನಿಂತು ಆರಿಸಿಕೊಂಡು ಇಳಿಯಬೇಕು. ಕಿರಿದಾದ ಘಾಟಿಯಲ್ಲಿ ಇಳಿಯುವವರು ಏರುವವರಿಗೆ ದಾರಿ ಬಿಡಬೇಕು ಅನ್ನುವುದು ವಾಹನ ಚಾಲನೆಯ ನಿಯಮ. ಸೈಕಲ್ಲಿಗೂ ಅದೇ ಒಳ್ಳೆಯದು.

ಮಳೆಗಾಲದಲ್ಲಿ ಬೇಡ

ಜೂನ್‌ನಿಂದ ಸೆಪ್ಟೆಂಬರ್ ತನಕ ಪಶ್ಚಿಮದ ಮಣ್ಣುರಸ್ತೆಗಳನ್ನು ಯೋಜನೆಯಿಂದಲೇ ತೆಗೆಯಬೇಕು. ದರೆ ಕುಸಿತ, ಮರ ಬೀಳುವುದು, ಕಾಲುಸಂಕದ ಮೇಲೆ ನೀರು ಹರಿಯುವುದು ಎಲ್ಲ ಆಗ ಮಾಮೂಲು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದದ್ದನ್ನು ಇಲ್ಲಿಯವರು ಮರೆತಿಲ್ಲ. ಇಂಬಳ ಕಚ್ಚಿದರೆ ರಕ್ತ ಹೋಗುತ್ತದೆ ಅಷ್ಟೇ, ಹರಿಯುವ ಹಳ್ಳಕ್ಕೆ ಸೈಕಲ್ ಇಳಿಸಿದರೆ ಜೀವ ಹೋಗುತ್ತದೆ. ಮೊಣಕಾಲು ಮಟ್ಟದ ರಭಸದ ನೀರೂ ಮನುಷ್ಯನನ್ನು ಬೀಳಿಸಬಲ್ಲದು. ಮಳೆ ನಿಂತ ಮೇಲೂ ಮಣ್ಣು ಗಟ್ಟಿಯಾಗಲು ಕೆಲವು ವಾರ ಬಿಡಬೇಕು. ಒದ್ದೆ ರಸ್ತೆಯಲ್ಲಿ ಚಕ್ರ ಹೂತ ಗುರುತು ಆಮೇಲೆ ಬೈಕಿನವರಿಗೂ ತೊಂದರೆ.

ಅಂಗಡಿಯವರಿಗೆ ಒಂದಿಷ್ಟು

ಸೈಕಲ್ ಸವಾರರು ಕಾರಿನವರ ಹಾಗೆ ಊರು ದಾಟಿ ಹೋಗಲ್ಲ, ನಿಲ್ಲುತ್ತಾರೆ. ಏರು ಶುರುವಾಗುವ ಊರು, ಏರು ಮುಗಿಯುವ ಊರು, ಕವಲು ರಸ್ತೆಯ ಊರು, ಈ ಮೂರು ಕಡೆಯ ಅಂಗಡಿಗೆ ವ್ಯಾಪಾರ ಜಾಸ್ತಿ. ಏರು ಹತ್ತುವವರಿಗೆ ತಾಸಿಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕು. ಬಾಳೆಹಣ್ಣು, ಕಡಲೆಮಿಠಾಯಿ, ನಿಂಬೆ ಶರಬತ್ತು, ಉಪ್ಪಿಟ್ಟು ಇದ್ದರೆ ಸಾಕು. ಬಾಟಲಿಗೆ ಕುಡಿಯುವ ನೀರು ತುಂಬಿಕೊಡುವ ಅಂಗಡಿಯನ್ನು ಅವರು ಮರೆಯಲ್ಲ.

ಪಂಕ್ಚರ್ ಅಂಗಡಿಯವರು ತಿಳಿದುಕೊಳ್ಳಬೇಕಾದ್ದು ವಾಲ್ವ್ ವಿಷಯ. ನಮ್ಮ ಹಳೇ ಸೈಕಲ್ಲಿನ ವಾಲ್ವ್ ಒಂದು ಥರ. ಗೇರ್ ಸೈಕಲ್ಲುಗಳಲ್ಲಿ ಹೆಚ್ಚಾಗಿ ಕಾರು-ಬೈಕಿನ ಥರದ್ದೇ ವಾಲ್ವ್ ಇರುತ್ತದೆ, ಅದಕ್ಕೆ ಇರುವ ಪಂಪೇ ಆಗುತ್ತದೆ. ದುಬಾರಿ ಸೈಕಲ್ಲಿಗೆ ತುದಿಯಲ್ಲಿ ತಿರುಪು ಇರುವ ತೆಳ್ಳಗಿನ ಪ್ರೆಸ್ಟಾ ವಾಲ್ವ್ ಬರುತ್ತದೆ. ಅದಕ್ಕೆ ಹಿತ್ತಾಳೆಯ ಸಣ್ಣ ಅಡಾಪ್ಟರ್ ಹಾಕಿದರೆ ಮಾಮೂಲಿ ಪಂಪಲ್ಲೇ ಗಾಳಿ ಹಿಡಿಯಬಹುದು. ಬೆಲೆ ಏನೂ ಜಾಸ್ತಿ ಇಲ್ಲ, ಎರಡು ಇಟ್ಟುಕೊಂಡರೆ ಸಾಕು. ಜೊತೆಗೆ 26, 27.5, 29 ಇಂಚಿನ ಟ್ಯೂಬ್ ಒಂದೊಂದು ಇದ್ದರೆ ಹತ್ತು ಕಿ.ಮೀ. ಸೈಕಲ್ ತಳ್ಳಿಕೊಂಡು ಬಂದವರಿಗೆ ದೊಡ್ಡ ಉಪಕಾರ.

ಸವಾರರೂ ಒಂದು ಮಾತು ನೆನಪಿಡಬೇಕು. ಸಿಗ್ನಲ್ ಇಲ್ಲದ ಕಡೆ ಯುಪಿಐ ನಡೆಯಲ್ಲ. ಜೇಬಲ್ಲಿ ಚಿಲ್ಲರೆ ನೋಟು ಇರಲಿ.

ದಾರಿ ಚೀಟಿ

ಹೊರಡುವ ಮುಂಚೆ ಅರ್ಧ ಹಾಳೆಯಲ್ಲಿ ಇಷ್ಟು ಬರೆದುಕೊಂಡರೆ ಯೋಜನೆ ಮುಗಿದ ಹಾಗೆ:

ಹೊರಡುವ ಹೊತ್ತು, ದಾರಿಯಲ್ಲಿ ಸಿಗುವ ಊರುಗಳ ಹೆಸರು, ಪ್ರತಿ ಊರಿಗೆ ತಲುಪುವ ಅಂದಾಜು ಹೊತ್ತು.
ಪ್ರತಿ ತುಂಡಿನ ಏರು ಎಷ್ಟು, ನೆಲ ಎಂಥದ್ದು.
ಅನುಮತಿ ಕೇಳಿದ್ದು ಯಾರನ್ನು, ಯಾವ ಗೇಟಿಗೆ.
ನೀರು, ಊಟ, ಪಂಕ್ಚರ್ ಅಂಗಡಿ ಕೊನೆಯದಾಗಿ ಸಿಗುವುದು ಎಲ್ಲಿ.
ಕೆಟ್ಟು ನಿಂತರೆ ಬಸ್ ರಸ್ತೆಗೆ ಹತ್ತಿರದ ಕವಲು ಯಾವುದು.
ತಿರುಗುವ ಹೊತ್ತು.

ಇದರದ್ದೇ ಇನ್ನೊಂದು ಪ್ರತಿ ಮನೆಯಲ್ಲಿ ಬಿಟ್ಟು ಹೋಗಬೇಕು. ಹೇಳಿದ ಹೊತ್ತಿಗೆ ಫೋನ್ ಬರದಿದ್ದರೆ ಯಾವ ದಾರಿಯಲ್ಲಿ ಹುಡುಕಬೇಕು ಅಂತ ಮನೆಯವರಿಗೆ ಗೊತ್ತಿರುತ್ತದೆ.

ತುರ್ತು ಕರೆಗೆ 112, ಆಂಬುಲೆನ್ಸ್‌ಗೆ 108, ಅರಣ್ಯ ಇಲಾಖೆ ಸಹಾಯವಾಣಿ 1926. ಚೀಟಿಯ ಹಿಂಬದಿಯಲ್ಲಿ ಈ ಮೂರೂ ಇರಲಿ.